.357 ಸಿಗ್: ಒದೆತ ಎಲ್ಲಿ, ಸದ್ದು ಎಲ್ಲಿ, ಗುರಿ ಎಲ್ಲಿ?

ಬೆರಳ್ತುದಿ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು.

ನನ್ನದು .40 ಎಸ್ ಆಂಡ್ ಡಬ್ಲ್ಯೂ ತೋಟಾದ ಪಿಸ್ತೂಲು, ನಾಲ್ಕು ಇಂಚಿನ ಬ್ಯಾರೆಲ್. ಕಳೆದ ತಿಂಗಳು ಅದಕ್ಕೇ ಕೂರುವ, .357 ಸಿಗ್ ಎಂಬ ಬೇರೆ ತೋಟಾದ ಬ್ಯಾರೆಲ್ ಒಂದು ತೆಗೆದುಕೊಂಡೆ. ಸ್ಲೈಡ್ (ಪ್ರತಿ ಈಡಿಗೆ ಹಿಂದೆ ಸರಿದು ಬರುವ ಮೇಲ್ಭಾಗ) ಅದೇ, ಮ್ಯಾಗಜೀನ್ ಅದೇ, ಬ್ಯಾರೆಲ್ ಮಾತ್ರ ಬದಲಾಯಿಸಿದರೆ ಸಾಕು ಎಂದು ಎಲ್ಲರೂ ಹೇಳಿದ್ದರು. ನಿಜ, ಎರಡು ನಿಮಿಷದ ಕೆಲಸ. ಮೊದಲ ದಿನ ಒಂದು ಮ್ಯಾಗಜೀನ್ ಹೊಡೆದೆ. ಸದ್ದು ಜೋರು, ಬೆಂಕಿ ಜೋರು, ಆದರೆ ಗುಂಡುಗಳು ಅಂಗೈ ಅಗಲದೊಳಗೆ ಬಿದ್ದವು. ಖುಷಿಯಾಯಿತು. ಮನೆಗೆ ಬಂದು ಎಲ್ಲವನ್ನೂ ಬಿಚ್ಚಿ ಚೆನ್ನಾಗಿ ಉಜ್ಜಿ ಇಟ್ಟೆ.

ನಿನ್ನೆ ಬೇರೆ ಕಂಪನಿಯ 50ರ ಡಬ್ಬ ತೆಗೆದೆ. ಅದೇ 15 ಮೀಟರ್. ಎರಡು ಗುಂಡು ಕಾಗದಕ್ಕೇ ತಾಗಲಿಲ್ಲ. ತಾಗಿದವು ಮೂಲೆಗೊಂದು. ಒಂದರ ತೂತಂತೂ ಗುಂಡಗಿಲ್ಲ, ಉದ್ದಕ್ಕೆ ಹರಿದ ಹಾಗಿದೆ. ಒದೆತ ಇಲ್ಲವೇ ಇಲ್ಲ ಎನ್ನಬೇಕು, .22 ಹೊಡೆದ ಹಾಗೆ. ಮೂರು ಸಲ ಸ್ಲೈಡ್ ಪೂರ್ತಿ ಹಿಂದೆ ಬರಲಿಲ್ಲ, ಕೈಯಿಂದಲೇ ಎಳೆಯಬೇಕಾಯಿತು. ಏಳು ಈಡು ಹೊಡೆದು ಡಬ್ಬ ಮುಚ್ಚಿ ಬಂದೆ.

ಈ ತೋಟಾ ಇಷ್ಟೇನಾ? ಅಥವಾ ಡಬ್ಬವೇ ಕೆಟ್ಟದ್ದಾ? ಇದನ್ನು ವರ್ಷಗಟ್ಟಲೆ ಹೊಡೆದವರು ನಿಮ್ಮ ಅನುಭವ ಹೇಳಿ.

ಒಂಟಿ_ಈಡು
ಮಣಿಕಟ್ಟು ಸಡಿಲ ಬಿಟ್ಟಿದ್ದೀರಿ. ಈ ಜಾತಿಯ ತೋಟಾಕ್ಕೆ ಕೈ ಗಟ್ಟಿ ಇರಬೇಕು, ಇಲ್ಲದಿದ್ದರೆ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತದೆ.

9ಎಂಎಂ_ಸಾಕು
ತೋಟಾ ಇಷ್ಟೇ ಗುರು. ಹೆಸರು ದೊಡ್ಡದು, ಊಟ ಸಣ್ಣದು.

ಹಿಂದಿನ ಕಥೆ ಗೊತ್ತಿರಲಿ. 1935ರ .357 ಮ್ಯಾಗ್ನಮ್ ರಿವಾಲ್ವರ್ ತೋಟಾ ಇತ್ತಲ್ಲ, ಅದರ 125 ಗ್ರೇನ್ (ಸುಮಾರು 8 ಗ್ರಾಂ) ಗುಂಡಿಗೆ ಅಮೆರಿಕದ ಪೊಲೀಸರಲ್ಲಿ ಭಾರಿ ಹೆಸರು. ಆಮೇಲೆ ಎಲ್ಲರೂ ಪಿಸ್ತೂಲಿಗೆ ಬದಲಾದರು, ಆದರೆ ಆ ವೇಗದ ಆಸೆ ಹೋಗಲಿಲ್ಲ. 1994ರಲ್ಲಿ ಸಿಗ್ ಮತ್ತು ಫೆಡರಲ್ ಕಂಪನಿಗಳು ಸೇರಿ .40 ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆ) ಕತ್ತು ಹಿಸುಕಿ, ಅದರಲ್ಲಿ 9 ಎಂಎಂ ಗುಂಡು ತುರುಕಿ, ಹೆಸರಿಗೆ .357 ಅಂತ ಹಚ್ಚಿ ಮಾರಿದವು. ಗುಂಡಿನ ಅಳತೆ ನಿಜವಾಗಿ .355 ಇಂಚು. ಹೆಸರಲ್ಲೇ ಸುಳ್ಳು!

ಬಳಸಿದವರು ಯಾರು? ಅಮೆರಿಕದ ಸೀಕ್ರೆಟ್ ಸರ್ವಿಸ್, ವಿಮಾನದಲ್ಲಿ ಕೂರುವ ಏರ್ ಮಾರ್ಷಲ್‌ಗಳು, ಟೆಕ್ಸಾಸ್, ವರ್ಜೀನಿಯಾದಂಥ ಕೆಲವು ರಾಜ್ಯಗಳ ಪೊಲೀಸರು. ಈಗ? ಸೀಕ್ರೆಟ್ ಸರ್ವಿಸ್ 9 ಎಂಎಂಗೆ ವಾಪಸ್. ಎಫ್‌ಬಿಐ ಕೂಡ .40 ಬಿಟ್ಟು 9 ಎಂಎಂಗೆ ವಾಪಸ್. ಹಣ, ಸದ್ದು, ಸವೆತ ಎಲ್ಲ ಜಾಸ್ತಿ, ಲಾಭ ಮಾತ್ರ ಕಾಗದದ ಮೇಲೆ. ನಿಮ್ಮ ವಿಷಯದಲ್ಲಂತೂ ಕಾಗದದ ಮೇಲೂ ಇಲ್ಲ.

ಹಿತ್ತಾಳೆಬುಟ್ಟಿ
ಖಾಲಿ ಕೇಸು ಹೆಕ್ಕಿಕೊಂಡು ಬಂದಿದ್ದೀರಾ? ಬಂದಿದ್ದರೆ ಅವುಗಳ ಕತ್ತು ಹೇಗಿದೆ ನೋಡಿ ಹೇಳಿ.

ಕಿವಿಯಲ್ಲಿ_ಹತ್ತಿ
ಒದೆತ ಇಲ್ಲ, ಸದ್ದು ಇಲ್ಲ ಅಂದವರನ್ನು ಇದೇ ಮೊದಲ ಸಲ ನೋಡುತ್ತಿದ್ದೇನೆ. ಒಳಾಂಗಣ ರೇಂಜಿನಲ್ಲಿ ನನ್ನ ಪಕ್ಕದ ಸಾಲಿನವರೊಬ್ಬರು ಇದನ್ನು ಹೊಡೆದಾಗ ನನ್ನ ಗುರಿ ಕಾಗದ ಅಲ್ಲಾಡಿತು. ಅವರದ್ದಲ್ಲ, ನನ್ನದು. ಕಿವಿಗೆ ಮಫ್ ಹಾಕಿದ್ದೆ, ಒಳಗೆ ಪ್ಲಗ್ಗೂ ಇತ್ತು, ಆದರೂ ಹಲ್ಲಿನಲ್ಲಿ ಕೇಳಿಸಿತು. ಐದು ಈಡು ಆದ ಮೇಲೆ ಅಲ್ಲಿದ್ದವರೆಲ್ಲ ತಮ್ಮ ತಮ್ಮ ಕೋವಿ ಕೆಳಗಿಟ್ಟು ಅವರನ್ನೇ ನೋಡುತ್ತಿದ್ದರು. ಪಾಪ, ಆಸಾಮಿಗೆ ನಾಚಿಕೆಯಾಗಿ "ಇನ್ನು ನಾಲ್ಕೇ ಇದೆ" ಎಂದರು.

ಮದ್ದಿನಮನೆ
ಇದು ಸೆಟ್‌ಬ್ಯಾಕ್ ತೊಂದರೆ. ನೂರಕ್ಕೆ ನೂರು. .357 ಸಿಗ್ ಕತ್ತು ತುಂಬ ಗಿಡ್ಡ, 4 ಮಿಲಿಮೀಟರ್ ಕೂಡ ಇಲ್ಲ. ಅಷ್ಟೇ ಜಾಗ ಗುಂಡನ್ನು ಹಿಡಿದುಕೊಳ್ಳಬೇಕು. ಅದೇ ತೋಟಾವನ್ನು ನಾಲ್ಕಾರು ಸಲ ಚೇಂಬರಿಗೆ (ಬ್ಯಾರೆಲ್ಲಿನಲ್ಲಿ ತೋಟಾ ಕೂರುವ ಜಾಗ) ಹಾಕಿ ತೆಗೆದರೆ ಗುಂಡು ಹಿಂದಕ್ಕೆ ತಳ್ಳಿಹೋಗುತ್ತದೆ. ಕಡಿಮೆ ದರ್ಜೆಯ ಡಬ್ಬದಲ್ಲಿ ಮೊದಲೇ ಸಡಿಲ ಇರುತ್ತದೆ. ಅದಕ್ಕೇ ನಿಮ್ಮ ಗುಂಡು ಎಲ್ಲೆಲ್ಲೋ ಹೋಗಿದೆ.

ಮಾಪನಪಟ್ಟಿ
ಮದ್ದಿನಮನೆಯವರೇ, ಅರ್ಧ ಸರಿ, ಅರ್ಧ ತಲೆಕೆಳಗು. ಕತ್ತು ಗಿಡ್ಡ, ಗುಂಡು ಹಿಂದೆ ಸರಿಯುವ ಅಪಾಯ ಇದೆ, ಇದೆಲ್ಲ ನಿಜ. ಆದರೆ ಗುಂಡು ಹಿಂದೆ ಸರಿದರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಇದು ಮೊದಲೇ 40,000 ಪಿಎಸ್‌ಐ (ಚದರ ಇಂಚಿಗೆ ಪೌಂಡು) ಒತ್ತಡದವರೆಗೆ ಹೋಗುವ ತೋಟಾ, 9 ಎಂಎಂ ಮತ್ತು .40ರ ಮಿತಿ 35,000. ಸೆಟ್‌ಬ್ಯಾಕ್ ಆಗಿದ್ದರೆ ಇವರ ದೂರು "ಒದೆತ ಇಲ್ಲ" ಅಂತ ಇರುತ್ತಿರಲಿಲ್ಲ, "ಪಿಸ್ತೂಲಿನ ಚೂರು ಎಲ್ಲಿ ಬಿತ್ತು" ಅಂತ ಇರುತ್ತಿತ್ತು.

9ಎಂಎಂ_ಸಾಕು ಅವರಿಗೂ ಒಂದು ತಿದ್ದುಪಡಿ. .40 ಕೇಸಿನ ಕತ್ತು ಹಿಸುಕಿದ್ದು ಎನ್ನುವುದು ಬಾಯಿಮಾತು. ಬುಡದ ಅಳತೆ ಒಂದೇ, ಒಪ್ಪಿದೆ. ಆದರೆ .40 ಕೇಸಿನ ಉದ್ದ 21.59 ಮಿ.ಮೀ., ಇದರದ್ದು 21.97. ಮನೆಯಲ್ಲಿ .40 ಕೇಸು ಹಿಸುಕಿ ಇದನ್ನು ಮಾಡಲು ಹೋದರೆ ಕತ್ತು ಗಿಡ್ಡವಾಗುತ್ತದೆ, ಮೊದಲೇ ಇಲ್ಲದ ಕತ್ತು ಇನ್ನೂ ಇಲ್ಲವಾಗುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

9ಎಂಎಂ_ಸಾಕು
ಮೂರನೇ ಒಂದು ಮಿಲಿಮೀಟರಿಗೆ ಇಷ್ಟು ಭಾಷಣ.

ಮಾಪನಪಟ್ಟಿ
0.38. ಮೂರನೇ ಒಂದಕ್ಕಿಂತ ಜಾಸ್ತಿ.

ನಾಲ್ಕನೇ_ಸಾಲು
ನಾನು ಇದನ್ನು ಆರು ವರ್ಷದಿಂದ ಹೊಡೆಯುತ್ತಿದ್ದೇನೆ, ಹಾಗಾಗಿ ಅನುಭವ ಹೇಳುತ್ತೇನೆ. ಬೆರಳ್ತುದಿಯವರ ಪಿಸ್ತೂಲಿನ ಕಾಯಿಲೆ ಏನೆಂದು ನನಗೆ ಗೊತ್ತಿಲ್ಲ, ಆದರೆ ತೋಟಾದ ಮೇಲೆ ಗೂಬೆ ಕೂರಿಸುವುದು ಬೇಡ.

ಮೊದಲನೆಯದು, ಇದು ಸಿಕ್ಕಿಕೊಳ್ಳುವುದಿಲ್ಲ. ಬಾಟಲಿ ಕತ್ತಿನ ತೋಟಾದ ದೊಡ್ಡ ಗುಣ ಇದೇ. ಸಣ್ಣ ಮೂತಿ ದೊಡ್ಡ ಬಾಯಿಯೊಳಗೆ ಹೋಗಬೇಕು, ಆಲಿಕೆಯೊಳಗೆ ಬೆರಳು ಹಾಕಿದ ಹಾಗೆ. ಚಪ್ಪಟೆ ಮೂತಿಯ ಗುಂಡು ಹಾಕಿದರೂ ಜಾರಿಕೊಂಡು ಹೋಗುತ್ತದೆ. ಆರು ವರ್ಷದಲ್ಲಿ ನನಗೆ ತೋಟಾ ಒಳಗೆ ಹೋಗದೆ ನಿಂತದ್ದು ಎರಡೇ ಸಲ, ಎರಡೂ ಸವೆದ ಮ್ಯಾಗಜೀನ್ ಸ್ಪ್ರಿಂಗ್‌ನದೇ ತಪ್ಪು.

ಎರಡನೆಯದು ಒದೆತ. ಇದಕ್ಕೆ ಜನ ಸಿಕ್ಕಾಪಟ್ಟೆ ಮಸಾಲೆ ಹಾಕುತ್ತಾರೆ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ನೋಡಿ. ಇದರ 125 ಗ್ರೇನ್ ಗುಂಡು ಸೆಕೆಂಡಿಗೆ 1350 ಅಡಿ ಹೋದರೆ ಸುಮಾರು 169 ಬರುತ್ತದೆ, ಸಾವಿರದ ಲೆಕ್ಕದಲ್ಲಿ. .40ರ 180 ಗ್ರೇನ್ 1000 ಅಡಿಗೆ ಹೋದರೆ 180. 9 ಎಂಎಂನ 124 ಗ್ರೇನ್ 1150ಕ್ಕೆ ಹೋದರೆ 143ರ ಹತ್ತಿರ. ಅಂದರೆ ಇದು .40ಕ್ಕಿಂತ ಕಡಿಮೆಯೇ! ಆದರೆ ಮದ್ದು ಜಾಸ್ತಿ, ಬಾಯಿಂದ ಹೊರಬರುವ ಗಾಳಿ ಜಾಸ್ತಿ, ಎಲ್ಲ ಬೇಗ ಮುಗಿಯುತ್ತದೆ. .40 ಕೈಯನ್ನು ತಳ್ಳುತ್ತದೆ, ಇದು ಚಿವುಟುತ್ತದೆ. ನನಗೆ ಚಿವುಟುವುದೇ ವಾಸಿ, ಮುಂದಿನ ಈಡಿಗೆ ಬೇಗ ಗುರಿಗೆ ಬರುತ್ತೇನೆ.

ಸ್ಪರ್ಧೆಗೆ ಮಾತ್ರ ಇದು ಅನಾಥ ಮಗು. ಯುಎಸ್‌ಪಿಎಸ್‌ಎ (ಅಮೆರಿಕದ ಪಿಸ್ತೂಲು ಸ್ಪರ್ಧೆಗಳ ಸಂಸ್ಥೆ) ಲಿಮಿಟೆಡ್ ವಿಭಾಗದಲ್ಲಿ ಮೇಜರ್, ಅಂದರೆ ಹೆಚ್ಚಿನ ಅಂಕ ಬೇಕಾದರೆ ಗುಂಡು ಕನಿಷ್ಠ .40 ಇರಬೇಕು, ವೇಗ ಎಷ್ಟಿದ್ದರೂ ಇದನ್ನು ಮೈನರ್, ಅಂದರೆ ಕಡಿಮೆ ಅಂಕದ್ದು ಎಂದೇ ಎಣಿಸುತ್ತಾರೆ. ಬರೀ ಹೊಡೆತ ತಿನ್ನುವುದು, ಅಂಕ ಬೇರೆಯವರಿಗೆ.

9ಎಂಎಂ_ಸಾಕು
ಮೇಡಂ, ನೀವೇ ಹೇಳಿದ ಲೆಕ್ಕ ನೋಡಿ. ಶಕ್ತಿಯಲ್ಲಿ ಇದು 685 ಜೂಲ್ ಆಸುಪಾಸು, 9 ಎಂಎಂ 490ರ ಆಸುಪಾಸು. ವ್ಯತ್ಯಾಸ ಇದೆ, ಇಲ್ಲ ಅನ್ನಲಿಲ್ಲ. ಆದರೆ ಈಗಿನ ಒಳ್ಳೆಯ 9 ಎಂಎಂ ಗುಂಡುಗಳು ಎಫ್‌ಬಿಐ ಜೆಲ್ ಪರೀಕ್ಷೆಯಲ್ಲಿ (ಮೈಮಾಂಸದ ಬದಲು ಜೆಲಟಿನ್ ಗಡ್ಡೆಗೆ ಹೊಡೆದು ನೋಡುವುದು) ಬೇಕಾದ 12ರಿಂದ 18 ಇಂಚು ಹೋಗುತ್ತವೆ, ಇದೂ ಅಷ್ಟೇ ಹೋಗುತ್ತದೆ. ಮಿಕ್ಕ ಜೂಲೆಲ್ಲ ಎಲ್ಲಿಗೆ ಹೋಯಿತು? ಪಕ್ಕದ ಸಾಲಿನವರ ಕಿವಿಗೆ.

ಕಿವಿಯಲ್ಲಿ_ಹತ್ತಿ
ದೃಢೀಕರಿಸುತ್ತೇನೆ.

ನಾಲ್ಕನೇ_ಸಾಲು
ಜೆಲ್ಲಿಗೆ ಹೊಡೆಯಲು ನಾನು ಹೋಗುತ್ತಿಲ್ಲ. ನಾನು ಹೊಡೆಯುವುದು ಕಬ್ಬಿಣದ ತಟ್ಟೆಗೆ, 50 ಮೀಟರಿನಲ್ಲಿ. ಅಲ್ಲಿ ಟ್ರಿಗರ್ ಎಳೆದ ತಕ್ಷಣ ಟಣ್ ಅಂತ ಕೇಳುವ ಸುಖವೇ ಬೇರೆ.

9ಎಂಎಂ_ಸಾಕು
50 ಮೀಟರಿಗೆ 9 ಎಂಎಂ ಗುಂಡು ಇದಕ್ಕಿಂತ ಎಷ್ಟು ಕೆಳಗೆ ಬೀಳುತ್ತದೆ ಹೇಳಿ? ಎರಡು ಮೂರು ಸೆಂಟಿಮೀಟರ್. ಆ ದೂರದಲ್ಲಿ ನಮ್ಮ ಕೈ ನಡುಗುವುದೇ ಅದಕ್ಕಿಂತ ಜಾಸ್ತಿ.

ನಾಲ್ಕನೇ_ಸಾಲು
ನಿಮ್ಮ ಕೈ.

ಹಿತ್ತಾಳೆಬುಟ್ಟಿ
ಬೆರಳ್ತುದಿಯವರೇ, ಖಾಲಿ ಕೇಸು?

ಒಂಟಿ_ಈಡು
ಮಣಿಕಟ್ಟು ಅಂತ ನಾನು ಮೊದಲೇ ಹೇಳಿದೆ, ಯಾರೂ ಕೇಳುತ್ತಿಲ್ಲ. ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮತ್ತೆ ಮುಂದೆ ತಳ್ಳುವುದು) ಗಟ್ಟಿಯದು ಹಾಕಿದ್ದರೂ ಹೀಗೆ ಆಗುತ್ತದೆ. ಕೆಲವರು ಈ ತೋಟಾಕ್ಕೆ ಅಂತ ದಪ್ಪ ಸ್ಪ್ರಿಂಗ್ ಹಾಕಿಸುತ್ತಾರೆ.

ಟಿಟಿ33
ಬಾಟಲಿ ಕತ್ತು, ಜೋರು ವೇಗ ಅಂದಮೇಲೆ ನಾನು ಬರದೆ ಇರಲಾಗುವುದಿಲ್ಲ. ನೀವೆಲ್ಲ 1994ರ ಕೂಸನ್ನು ಹಿಡಿದು ಗುದ್ದಾಡುತ್ತಿದ್ದೀರಿ. ಇದರ ಅಜ್ಜ 7.63 ಮೌಸರ್, 1896ರ ಸಿ96 ಪಿಸ್ತೂಲಿನದು. ಅದನ್ನೇ ಸ್ವಲ್ಪ ಬದಲಿಸಿ ಸೋವಿಯತ್‌ನವರು 1930ರಲ್ಲಿ 7.62×25 ಟೋಕರೆವ್ ಮಾಡಿಕೊಂಡರು. 86 ಗ್ರೇನ್ ಆಸುಪಾಸಿನ ಸಣ್ಣ ಗುಂಡು, ಸೆಕೆಂಡಿಗೆ 1400 ಅಡಿಯ ಮೇಲೆ. ಪಿಸ್ತೂಲಿಗೂ ಅದೇ, ಪಿಪಿಎಸ್‌ಎಚ್ ಸಬ್‌ಮಷಿನ್ ಗನ್ನಿಗೂ ಅದೇ. ಮೊದಲ ಸಲ ಸಂಜೆ ಹೊತ್ತಿನಲ್ಲಿ ಹೊಡೆದಾಗ ಮೂತಿಯಿಂದ ಬಂದ ಬೆಂಕಿ ನೋಡಿ ಪಿಸ್ತೂಲೇ ಹೊತ್ತಿಕೊಂಡಿತು ಎಂದುಕೊಂಡೆ. ಒದೆತ ಮಾತ್ರ ಪಾಪದ್ದು, ಗುಂಡು ಹಗುರ ನೋಡಿ.

ಒಂದೇ ಎಚ್ಚರಿಕೆ. ಹಳೇ ಮಿಲಿಟರಿ ಸರಕು ಬಹಳಷ್ಟು ತುಕ್ಕು ಹಿಡಿಸುವ ಪ್ರೈಮರಿನದು (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ). ಹೊಡೆದ ಮೇಲೆ ಬ್ಯಾರೆಲ್ಲಿನಲ್ಲಿ ಉಪ್ಪು ಉಳಿಯುತ್ತದೆ. ಬರೀ ಎಣ್ಣೆ ಹಾಕಿದರೆ ಉಪ್ಪು ಕರಗುವುದಿಲ್ಲ, ನೀರೇ ಬೇಕು. ನನ್ನ ಮೊದಲ ಬ್ಯಾರೆಲ್ಲನ್ನು ಎಣ್ಣೆ ಹಚ್ಚಿ ಪ್ರೀತಿಯಿಂದ ಕೊಂದವನು ನಾನೇ. ಎರಡನೇ ವಾರ ಒಳಗೆ ನೋಡಿದರೆ ಕೆಂಪು ಮಣ್ಣು.

ಮದ್ದಿನಮನೆ
ಟಿಟಿ33 ಅಣ್ಣ, ನೀರು ಹಾಕಿ ಆಮೇಲೆ ಎಣ್ಣೆಯಾ, ಅಥವಾ ಬಿಸಿನೀರು ಮಾತ್ರ ಸಾಕಾ?

ಟಿಟಿ33
ಬಿಸಿನೀರು, ಒಣಬಟ್ಟೆ, ಆಮೇಲೆ ಎಣ್ಣೆ. ಬಿಸಿ ಇದ್ದರೆ ಬೇಗ ಒಣಗುತ್ತದೆ ಅಷ್ಟೇ. ಫೈರಿಂಗ್ ಪಿನ್ (ಪ್ರೈಮರಿಗೆ ಬಡಿಯುವ ಮೊಳೆ) ಇರುವ ಜಾಗ ಮರೆಯಬೇಡಿ, ಉಪ್ಪು ಅಲ್ಲೂ ಹೋಗಿ ಕೂರುತ್ತದೆ.

ಹಿತ್ತಾಳೆಬುಟ್ಟಿ
ಮೂರನೇ ಸಲ ಕೇಳುತ್ತಿದ್ದೇನೆ, ಇನ್ನು ಕೇಳುವುದಿಲ್ಲ. ಬೆರಳ್ತುದಿಯವರೇ, ಹೊಡೆದ ಕೇಸುಗಳು ಎಲ್ಲಿ? ಅವಕ್ಕೆ ಕತ್ತು ಇದೆಯಾ ಇಲ್ಲವಾ?

ಬೆರಳ್ತುದಿ
ಕ್ಷಮಿಸಿ, ಕೆಲಸದಲ್ಲಿದ್ದೆ. ಈಗ ಚೀಲ ತೆಗೆದು ನೋಡಿದೆ. ಏಳರಲ್ಲಿ ಆರು ಸಿಕ್ಕಿವೆ.

ಕತ್ತು ಇಲ್ಲ. ಅಂದರೆ ಪೂರ್ತಿ ನೆಟ್ಟಗಿವೆ, ಲೋಟದ ಹಾಗೆ. ಎರಡರ ಬಾಯಿ ಸೀಳಿದೆ. ಹೊರಗೆಲ್ಲ ಮಸಿ. ಬುಡದ ಮೇಲೆ ಮಾತ್ರ .357 ಸಿಗ್ ಅಂತಲೇ ಇದೆ. ಕಂಪನಿಯವರು .40 ಕೇಸಿನ ಮೇಲೆ ತಪ್ಪು ಮುದ್ರೆ ಒತ್ತಿದ್ದಾರಾ?

ಹಿತ್ತಾಳೆಬುಟ್ಟಿ
ಪಿಸ್ತೂಲು ಖಾಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಮ್ಯಾಗಜೀನ್ ತೆಗೆಯಿರಿ. ಸ್ಲೈಡ್ ಎಳೆದು ಚೇಂಬರ್ ಒಳಗೆ ಕಣ್ಣಿಂದಲೂ ಬೆರಳಿಂದಲೂ ನೋಡಿ. ಆಮೇಲೆ ಬ್ಯಾರೆಲ್ಲಿನ ಮೇಲೆ ಏನು ಬರೆದಿದೆ ಅಂತ ಓದಿ ಇಲ್ಲಿ ಹಾಕಿ.

ಬೆರಳ್ತುದಿ
.40

ಬೆರಳ್ತುದಿ
ಅಯ್ಯೋ ದೇವರೇ.

ಕಿವಿಯಲ್ಲಿ_ಹತ್ತಿ
😂😂😂

9ಎಂಎಂ_ಸಾಕು
ಒಂದು ಮಾತು ಗೊತ್ತಾ? 9 ಎಂಎಂ ಹುಟ್ಟಿದ್ದೇ ಹೀಗೆ. ಲೂಗರ್ ಅವರ 7.65 ಬಾಟಲಿ ಕತ್ತಿನ ತೋಟಾ ಇತ್ತು, 1902ರ ಸುಮಾರಿಗೆ ಅದರ ಕತ್ತು ಅಗಲ ಮಾಡಿ 9 ಎಂಎಂ ಮಾಡಿದರು. ಅವರಿಗೆ ಕಾರ್ಖಾನೆ ಬೇಕಾಯಿತು. ನೀವು ಒಂದೊಂದು ಈಡಿಗೆ ಒಂದೊಂದು ಮಾಡಿದ್ದೀರಿ.

ಬೆರಳ್ತುದಿ
ನಗಿ, ನಗಿ, ತಪ್ಪಿಲ್ಲ. ಆಗಿದ್ದು ಏನೆಂದರೆ ಮೊದಲ ದಿನ ಹೊಡೆದು ಬಂದು ಎರಡೂ ಬ್ಯಾರೆಲ್ ಒಟ್ಟಿಗೆ ಬಟ್ಟೆಯ ಮೇಲೆ ಇಟ್ಟು ಉಜ್ಜಿದೆ. ಹೊರಗಿನಿಂದ ಎರಡೂ ಒಂದೇ ಥರ, ಕರಿಯ ಬಣ್ಣ. ಜೋಡಿಸುವಾಗ ಕೈಗೆ ಸಿಕ್ಕಿದ್ದನ್ನು ಹಾಕಿದ್ದೇನೆ. ಬೇರೆ ಡಬ್ಬ ತೆಗೆದ ದಿನವೇ ಇದೂ ಆಗಿದ್ದರಿಂದ ಡಬ್ಬದ ಮೇಲೆ ಅನುಮಾನ ಬಂತು.

ನಿಜವಾಗಿ ಕೇಳುತ್ತೇನೆ, ನಾನು ಎಷ್ಟು ದೊಡ್ಡ ಅಪಾಯದಿಂದ ಪಾರಾದೆ?

ಸ್ಲೈಡ್_ಹಿಂದೆ
ನಾನು ರೇಂಜ್ ನೋಡಿಕೊಳ್ಳುತ್ತಿದ್ದವನು, ಇದನ್ನು ಎರಡು ಸಲ ಕಣ್ಣಾರೆ ನೋಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

.357 ಸಿಗ್ ತೋಟಾ .40 ಚೇಂಬರಿನಲ್ಲಿ ಆರಾಮಾಗಿ ಕೂರುತ್ತದೆ, ಸಿಡಿಯುತ್ತದೆ ಕೂಡ. ಬುಡ ಒಂದೇ ಅಳತೆ ಅಲ್ವಾ. ಆದರೆ .355 ಗುಂಡು .40 ನಳಿಕೆಯೊಳಗೆ ಹೋಗುವುದು ಎಂದರೆ ಹೆಬ್ಬಾಗಿಲಿನಲ್ಲಿ ಬೆಕ್ಕು ಹೋದ ಹಾಗೆ. ಒಟ್ಟು ಒಂದು ಮಿಲಿಮೀಟರಿನಷ್ಟು ಸಡಿಲ. ಒಳಗಿನ ಗೀರುಗಳಿಗೆ ಗುಂಡು ಕಚ್ಚಿಕೊಳ್ಳುವುದಿಲ್ಲ, ತಿರುಗುವುದಿಲ್ಲ. ಗಾಳಿಯೆಲ್ಲ ಅದರ ಪಕ್ಕದಿಂದ ಮುಂದೆ ಓಡುತ್ತದೆ. ಆದ್ದರಿಂದ ವೇಗ ಇಲ್ಲ, ಒದೆತ ಇಲ್ಲ, ಸ್ಲೈಡ್ ಓಡಿಸಲು ಬಲ ಇಲ್ಲ. ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾ ಹೋಗುತ್ತದೆ, ಕಾಗದಕ್ಕೆ ಅಡ್ಡ ಬಿದ್ದು ಉದ್ದ ತೂತು ಮಾಡುತ್ತದೆ. ಕೇಸಿನ ಕತ್ತು ಚೇಂಬರಿನ ಗೋಡೆಗೆ ಉಬ್ಬಿ ನೆಟ್ಟಗಾಗುತ್ತದೆ. ನೀವು ಮೊದಲ ಮಾತಲ್ಲೇ ಹೇಳಿದ ಪ್ರತಿಯೊಂದು ಗುರುತೂ ಇದಕ್ಕೇ ಹೊಂದುತ್ತದೆ. ನಾವೇ ಓದಲಿಲ್ಲ.

ಅಪಾಯದ ಮಾತು. ಒತ್ತಡ ಕಡಿಮೆ ಇದ್ದದ್ದು ನಿಮ್ಮ ಪುಣ್ಯ. ಆದರೆ ಬಾಯಿ ಸೀಳಿದ ಕೇಸು, ಹಿಂದಕ್ಕೆ ಬರುವ ಬಿಸಿಗಾಳಿ, ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲದ ಗುಂಡು, ಯಾವುದೂ ತಮಾಷೆಯಲ್ಲ. ಎರಡು ಗುಂಡು ಕಾಗದಕ್ಕೇ ತಾಗಲಿಲ್ಲ ಅಂದಿರಿ. ಹಿಂದೆ ಮಣ್ಣಿನ ದಿಬ್ಬ ಸರಿಯಾಗಿತ್ತು ತಾನೇ? ಇನ್ನೊಂದು, ಈಡಿನ ಸದ್ದು ವಿಚಿತ್ರವಾಗಿ ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಸ್ಲೈಡ್ ಎಳೆದು ಇನ್ನೊಂದು ಹಾಕಿ ನೋಡುವುದಲ್ಲ. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿದ್ದರೆ ಎರಡನೆಯದು ಬ್ಯಾರೆಲ್ ಒಡೆಯುತ್ತದೆ. ಏಳು ಸಲ ಹೊಡೆದಿದ್ದೀರಿ ಮಾರಾಯರೇ, ಏಳು.

ಇನ್ನು ಮುಂದೆ ಹೊಡೆಯುವ ಮೊದಲು ಆ .40 ಬ್ಯಾರೆಲ್ ಮತ್ತು ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನು ಎಳೆದು ತೆಗೆಯುವ ಕೊಕ್ಕೆ) ಎರಡನ್ನೂ ಕೋವಿ ರಿಪೇರಿ ಬಲ್ಲವರಿಗೆ ತೋರಿಸಿ.

ಬೆರಳ್ತುದಿ
ದಿಬ್ಬ ಎತ್ತರವಾಗಿಯೇ ಇತ್ತು ಸಾರ್, ಅಕ್ಕಪಕ್ಕ ಯಾರೂ ಇರಲಿಲ್ಲ. ಏಳರ ಮಾತು ಒಪ್ಪಿಕೊಂಡೆ. "ಇದೊಂದು ಸರಿಯಾಗಿ ಬರಬಹುದು" ಅಂತ ಪ್ರತಿ ಸಲ ಅನಿಸಿತು.

ಎಕ್ಸ್‌ಟ್ರಾಕ್ಟರ್ ಯಾಕೆ ತೋರಿಸಬೇಕು?

ಮಾಪನಪಟ್ಟಿ
ಯಾಕೆಂದರೆ ನಿಮ್ಮ ತೋಟಾವನ್ನು ಹಿಡಿದುಕೊಂಡಿದ್ದು ಬಹುಶಃ ಅದೊಂದೇ. .40 ತೋಟಾ ಚೇಂಬರಿನಲ್ಲಿ ನಿಲ್ಲುವುದು ಕೇಸಿನ ಬಾಯಂಚಿನ ಮೇಲೆ. ಚೇಂಬರಿನ ಕೊನೆಯಲ್ಲಿ ಒಂದು ಮೆಟ್ಟಿಲು ಇದೆ, ಬಾಯಂಚು ಅಲ್ಲಿ ತಾಗಿ ನಿಲ್ಲುತ್ತದೆ. .357 ಸಿಗ್ ಬಾಯಿ ಚಿಕ್ಕದು, ಆ ಮೆಟ್ಟಿಲಿಗೆ ತಾಗುವುದೇ ಇಲ್ಲ. ಹಾಗಾದರೆ ಫೈರಿಂಗ್ ಪಿನ್ ಬಡಿದಾಗ ತೋಟಾ ಮುಂದೆ ಜಾರಿ ಹೋಗಬೇಕಿತ್ತು. ಹೋಗದಂತೆ ರಿಮ್ ಕಚ್ಚಿ ಹಿಡಿದದ್ದು ಎಕ್ಸ್‌ಟ್ರಾಕ್ಟರ್ ಉಗುರು. ಅದು ಮಾಡಬೇಕಾದ ಕೆಲಸ ಅದಲ್ಲ.

ಸರಿಯಾದ ಬ್ಯಾರೆಲ್ಲಿನಲ್ಲೂ .357 ಸಿಗ್ ಬಾಯಂಚಿನ ಮೇಲೇ ನಿಲ್ಲುತ್ತದೆ, ಹೆಗಲ (ಮೈ ಕತ್ತಿಗೆ ಸಣ್ಣಗಾಗುವ ಇಳಿಜಾರು) ಮೇಲಲ್ಲ, ಗೊತ್ತಿರಲಿ.

ಹಿತ್ತಾಳೆಬುಟ್ಟಿ
ಶುರುವಾಯಿತು. ಹೆಗಲ ಮೇಲೆ ನಿಲ್ಲುತ್ತದೆ.

ಮಾಪನಪಟ್ಟಿ
ಸಿ.ಐ.ಪಿ. (ತೋಟಾಗಳ ಅಳತೆ ನಿಗದಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ನಕಾಶೆ ತೆಗೆದು ನೋಡಿ. ಬಾಯಂಚು.

ಹಿತ್ತಾಳೆಬುಟ್ಟಿ
ನಕಾಶೆ ಗೋಡೆಗೆ ಅಂಟಿಸಿಕೊಳ್ಳಿ. ನಾನು ಈ ಕೇಸನ್ನು ಸಾವಿರಗಟ್ಟಲೆ ರೀಲೋಡ್ ಮಾಡಿದ್ದೇನೆ, ಅಂದರೆ ಖಾಲಿ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬಿದ್ದೇನೆ. ಡೈ (ಕೇಸನ್ನು ಅಳತೆಗೆ ತರುವ ಅಚ್ಚು) ಜಾಸ್ತಿ ಕೆಳಗಿಳಿಸಿ ಹೆಗಲನ್ನು ಹಿಂದೆ ತಳ್ಳಿದರೆ ತೋಟಾ ಚೇಂಬರಿನಲ್ಲಿ ಆಳಕ್ಕೆ ಇಳಿಯುತ್ತದೆ, ಪ್ರೈಮರ್ ಸರಿಯಾಗಿ ಬಡಿಯುವುದಿಲ್ಲ. ಬಾಯಂಚೇ ಹಿಡಿಯುವುದಾದರೆ ಹೀಗೆ ಆಗಬಾರದಲ್ಲ? ಕೇಸುಗಳ ಉದ್ದ ಒಂದೊಂದು ಒಂದೊಂದು ಥರ, ಬಹಳಷ್ಟು ಗಿಡ್ಡ. ಬಾಯಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಹಾಗಾಗಿ ನಾನು ಬ್ಯಾರೆಲ್ ಬಿಚ್ಚಿ ಕೈಯಲ್ಲಿ ಹಿಡಿದು, ಪ್ರತಿ ಹತ್ತನೇ ತೋಟಾವನ್ನು ಅದರಲ್ಲಿ ಬೀಳಿಸಿ ನೋಡುತ್ತೇನೆ. ಟಕ್ ಅಂತ ಬಿದ್ದು ಬುಡ ಸಮ ಇದ್ದರೆ ಸರಿ.

ಮಾಪನಪಟ್ಟಿ
ನೀವು ಹೇಳುತ್ತಿರುವುದು ಅಭ್ಯಾಸ, ನಾನು ಹೇಳುತ್ತಿರುವುದು ವಿನ್ಯಾಸ.

ಹಿತ್ತಾಳೆಬುಟ್ಟಿ
ತೋಟಾ ಸಿಡಿಯುವುದು ಅಭ್ಯಾಸದಲ್ಲಿ.

ಮದ್ದಿನಮನೆ
ಇಬ್ಬರೂ ನಿಲ್ಲಿಸಿ. ರೀಲೋಡಿಂಗ್ ಮಾತು ಬಂತಲ್ಲ, ನನಗೆ ಸಹಾಯ ಮಾಡಿ. ಉಳಿದ ಪಿಸ್ತೂಲು ಕೇಸುಗಳಿಗೆ ಕಾರ್ಬೈಡ್ ಡೈ ಇದ್ದರೆ ಎಣ್ಣೆ ಹಚ್ಚದೆ ಎಳೆಯಬಹುದು. ಇದಕ್ಕೂ ಹಾಗೇನಾ? ಒಂದು ಕೇಸು ಡೈಯೊಳಗೆ ಸಿಕ್ಕಿಕೊಂಡು ಹೊರಗೆ ಬರುತ್ತಿಲ್ಲ. ಎರಡು ದಿನದಿಂದ ಅದರ ಜೊತೆ ಜಗಳ.

ಹಿತ್ತಾಳೆಬುಟ್ಟಿ
ಇದಕ್ಕೆ ಎಣ್ಣೆ ಬೇಕೇ ಬೇಕು. ಕತ್ತು, ಹೆಗಲು ಇರುವ ಕೇಸು, ಇಡೀ ಮೈ ಡೈಗೆ ತಾಗುತ್ತದೆ. ಬಹಳಷ್ಟು ಡೈ ಉಕ್ಕಿನವು, ಕಾರ್ಬೈಡ್ ಸಿಕ್ಕರೂ ಸ್ವಲ್ಪ ಎಣ್ಣೆ ಹಚ್ಚಿದರೆ ಕೈಗೆ ಸುಖ.

ನನ್ನ ದಾರಿ ಬೇರೆ. ಮೊದಲು .40ರ ಕಾರ್ಬೈಡ್ ಡೈ ಹಾಕಿ ಮೈ ಸಣ್ಣ ಮಾಡುತ್ತೇನೆ. ಆಮೇಲೆ .357 ಸಿಗ್ ಡೈ, ಕತ್ತು ಹೆಗಲಿಗೆ ಮಾತ್ರ. ಒಂದು ಹೆಜ್ಜೆ ಜಾಸ್ತಿ, ಆದರೆ ಕೇಸು ಸಿಕ್ಕಿಕೊಳ್ಳುವುದಿಲ್ಲ.

ಮದ್ದು ಕೇಸು ತುಂಬುವಂಥದ್ದು ಆರಿಸಿಕೊಳ್ಳಿ, ನಿಧಾನ ಉರಿಯುವ ಜಾತಿ. ಗುಂಡಿನ ಕೆಳಗೆ ಮದ್ದೇ ತುಂಬಿದ್ದರೆ ಅದು ಹಿಂದೆ ಸರಿಯಲು ಜಾಗ ಇರುವುದಿಲ್ಲ, ನೀವೇ ಹೇಳಿದ ಸೆಟ್‌ಬ್ಯಾಕ್ ಭಯವೂ ಕಡಿಮೆ. ಅಳತೆ ಮಾತ್ರ ಇಲ್ಲಿ ಯಾರನ್ನೂ ಕೇಳಬೇಡಿ, ನನ್ನನ್ನೂ ಕೇಳಬೇಡಿ. ಮದ್ದಿನ ಕಂಪನಿಯ ಪುಸ್ತಕ ತೆಗೆದು ಕನಿಷ್ಠದಿಂದ ಶುರು ಮಾಡಿ. ಗುಂಡೂ ಅಷ್ಟೇ, ಉದ್ದ ಮೂತಿಯ 9 ಎಂಎಂ ಗುಂಡು ಇದಕ್ಕೆ ಆಗಿಬರುವುದಿಲ್ಲ. ಮೂತಿ ಇಳಿಜಾರು ಶುರುವಾಗುವ ಜಾಗ ಕತ್ತಿನೊಳಗೇ ಬಂದುಬಿಡುತ್ತದೆ, ಹಿಡಿತ ಎಲ್ಲಿಂದ ಬರಬೇಕು? ಚಪ್ಪಟೆ ಮೂತಿಯದು ಹಾಕಿ. ಆಮೇಲೆ ತೋಟಾವನ್ನು ಮೇಜಿನ ಅಂಚಿಗೆ ಹೆಬ್ಬೆರಳಿಂದ ಒತ್ತಿ, ಗುಂಡು ಒಳಗೆ ಹೋಗುತ್ತದಾ ನೋಡಿ. ಹೋದರೆ ಆ ಕಂತು ಪೂರ್ತಿ ಬಿಚ್ಚಿ.

ಒಂಟಿ_ಈಡು
ಅಂದರೆ ಮಣಿಕಟ್ಟು ಅಲ್ಲ.

ನಾಲ್ಕನೇ_ಸಾಲು
ಅಲ್ಲ ಅಣ್ಣ.

ಟಿಟಿ33
ಉಲ್ಟಾ ಆಗಿದ್ದರೆ? .357 ಬ್ಯಾರೆಲ್ಲಿಗೆ .40 ತೋಟಾ?

ಸ್ಲೈಡ್_ಹಿಂದೆ
ಅದು ಒಳ್ಳೆಯ ತಪ್ಪು. ತೋಟಾ ಒಳಗೆ ಹೋಗುವುದೇ ಇಲ್ಲ, ಹೆಗಲಿಗೆ ತಡೆದು ಸ್ಲೈಡ್ ತೆರೆದೇ ನಿಲ್ಲುತ್ತದೆ. ಸಿಟ್ಟಿನಿಂದ ಸ್ಲೈಡ್ ಹಿಂಭಾಗಕ್ಕೆ ಗುದ್ದಬೇಡಿ ಅಷ್ಟೇ.

ಮ್ಯಾಗಜೀನ್ ಎರಡಕ್ಕೂ ಒಂದೇ ಆಗಿರುವುದು ಈ ಜೋಡಿಯ ವರವೂ ಹೌದು, ಶಾಪವೂ ಹೌದು. ಒಂದು ಚೀಲದಲ್ಲಿ ಎರಡು ಜಾತಿ ತೋಟಾ ಇಡಲೇಬೇಡಿ. ನಾನು ನೋಡಿದ ಎರಡನೇ ಪ್ರಕರಣದಲ್ಲಿ ಮ್ಯಾಗಜೀನ್ ಒಳಗೇ ಎರಡೂ ಬೆರೆತಿದ್ದವು. ಮೂರು ಸರಿ, ಒಂದು ತಪ್ಪು, ಎರಡು ಸರಿ. ಹೊಡೆಯುತ್ತಿದ್ದವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬಂದಿತ್ತು.

ಕಿವಿಯಲ್ಲಿ_ಹತ್ತಿ
ಬ್ಯಾರೆಲ್ಲಿನ ಹುಡ್ ಮೇಲೆ, ತೋಟಾ ಹೊರಗೆ ಹಾರುವ ಕಿಂಡಿಯಲ್ಲಿ ಕಾಣುವ ಜಾಗದಲ್ಲಿ, ಉಗುರು ಬಣ್ಣದ ಒಂದು ಚುಕ್ಕಿ ಇಡಿ. .357ಕ್ಕೆ ಕೆಂಪು. ಮ್ಯಾಗಜೀನ್ ಬುಡಕ್ಕೂ ಅದೇ ಕೆಂಪು. ಬಣ್ಣ ಉಜ್ಜಿ ಹೋದರೆ ಮತ್ತೆ ಹಚ್ಚಿ.

9ಎಂಎಂ_ಸಾಕು
ಅಥವಾ 9 ಎಂಎಂ ಒಂದನ್ನೇ ಇಟ್ಟುಕೊಳ್ಳಿ. ಚುಕ್ಕಿ ಉಳಿಯಿತು.

ಬೆರಳ್ತುದಿ
ಹತ್ತು ದಿನ ಆಯಿತು, ಸುದ್ದಿ ಕೊಡಲು ಬಂದೆ.

.40 ಬ್ಯಾರೆಲ್ ತೋರಿಸಿದೆ. ಉಬ್ಬು ಇಲ್ಲ, ಬಿರುಕು ಇಲ್ಲ. ಚೇಂಬರಿನಲ್ಲಿ ಸುಟ್ಟ ಮಸಿ ಗಟ್ಟಿಯಾಗಿ ಕೂತಿತ್ತು, ತೆಗೆದರು. ಎಕ್ಸ್‌ಟ್ರಾಕ್ಟರ್ ಉಗುರಿನ ಮೂಲೆ ಸ್ವಲ್ಪ ಸವೆದಿದೆ ಅಂತ ಹೊಸದು ಹಾಕಿಸಿದೆ. ಮಾಪನಪಟ್ಟಿಯವರಿಗೆ ಒಂದು ಅಂಕ. ರಿಪೇರಿಯವರು ಆ ಲೋಟದಂಥ ಕೇಸುಗಳನ್ನು ನೋಡಿ ಏನೂ ಮಾತಾಡಲಿಲ್ಲ, ಒಂದನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. ಬೇರೆಯವರಿಗೆ ತೋರಿಸಲಂತೆ.

ನಿನ್ನೆ ಕೆಂಪು ಚುಕ್ಕಿಯ ಬ್ಯಾರೆಲ್ ಹಾಕಿ, ಮೂರು ಸಲ ಓದಿ, ಅದೇ "ಕೆಟ್ಟ" ಡಬ್ಬದ ತೋಟಾ ಹೊಡೆದೆ. ಸ್ನೇಹಿತರ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇತ್ತು. ಹತ್ತು ಈಡಿನ ಸರಾಸರಿ ಸೆಕೆಂಡಿಗೆ 1331 ಅಡಿ. 15 ಮೀಟರಿನಲ್ಲಿ ಎಲ್ಲ ಅಂಗೈಯೊಳಗೆ, ತೂತೆಲ್ಲ ಗುಂಡಗೆ. ಡಬ್ಬದ ಕಂಪನಿಯ ಹೆಸರನ್ನು ಇಲ್ಲಿ ಹಾಕದೆ ಇದ್ದದ್ದು ಒಳ್ಳೆಯದಾಯಿತು.

ನಾಲ್ಕನೇ_ಸಾಲು ಮೇಡಂ, ಚಿವುಟುತ್ತದೆ ಅನ್ನುವ ಮಾತು ಸರಿಯಾಗಿದೆ. ಕಬ್ಬಿಣದ ತಟ್ಟೆಗೂ ಹೊಡೆದೆ, 50 ಮೀಟರಿಗೆ ಐದರಲ್ಲಿ ಎರಡು ತಾಗಿತು.

9ಎಂಎಂ_ಸಾಕು
ಮಿಕ್ಕ ಮೂರು ಎಲ್ಲಿಗೆ ಹೋದವು? ಬ್ಯಾರೆಲ್ ಯಾವುದು?

ಬೆರಳ್ತುದಿ
ಅದು ನನ್ನ ಕೈ.

ಒಂಟಿ_ಈಡು
ಮಣಿಕಟ್ಟು.

ಹಿತ್ತಾಳೆಬುಟ್ಟಿ
ನಿನ್ನೆಯ ಕೇಸುಗಳನ್ನು ನೀವು ರೀಲೋಡ್ ಮಾಡುವುದಿಲ್ಲ ಅಲ್ವಾ? ಹಾಗಿದ್ದರೆ ನನಗೆ ಕೊಡಿ. ಕತ್ತು ಇರುವವು ಮಾತ್ರ.